ಬಾವಿಗೊಂದು ಕಟ್ಟೆ

(ನಮ್ಮ ವೇದಿಕೆಯ ರಾಜ್ಯೋತ್ಸವ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಆರೋಗ್ಯದ ಬಗ್ಗೆ ಒಂದಿಷ್ಟು ಮಾತಾಡಿ ಅಂತ ಕಾರ್ಯದರ್ಶಿಗಳು ಕೇಳಿದರು. ಶುಗರ್, ಬಿಪಿ ಬಗ್ಗೆ ಹೇಳ್ತಾಳೆ ಅಂತ ನೀವು ಅಂದುಕೊಂಡಿರಬಹುದು. ಅದು ಇನ್ನೊಂದು ದಿನ. ಇವತ್ತು ನಾವು ಸಭೆಯಲ್ಲಿ ಆಡದ ವಿಷಯ ಹೇಳಬೇಕು. ಡ್ರಗ್ಸು, ಮಾತ್ರೆ, ಕುಡಿತದ ಚಟಕ್ಕೆ ಸಿಕ್ಕಿದವರಿಗೆ ಇಲ್ಲಿ ಏನು ಸಹಾಯ ಇದೆ ಅನ್ನೋದು. ಜೊತೆಗೆ ನಾನು ಮಾಡಿದ ಒಂದು ತಪ್ಪು.

ನಾನು ತಿಪಟೂರಿನ ಕಡೆಯವಳು. ಊರಲ್ಲಿ ಡಿ.ಫಾರ್ಮ ಓದಿದೆ, ಇಲ್ಲಿ ಲೆಮಿಂಗ್ಟನ್ ಸ್ಪಾದ ಒಂದು ಔಷಧಿ ಅಂಗಡಿಯಲ್ಲಿ ಕೆಲಸ. ಸೇರಿದ ವಾರವೇ ಒಬ್ಬ ಮನುಷ್ಯ ಬಂದು ಮೆಲ್ಲಗೆ ಸೂಜಿಯ ಪೊಟ್ಟಣ ಕೇಳಿದ. ಹೊಸ ಸೂಜಿ, ಸಿರಿಂಜು, ಬಳಸಿದ್ದನ್ನು ಹಾಕಿ ವಾಪಸ್ ತರೋಕೆ ಹಳದಿ ಡಬ್ಬಿ, ಎಲ್ಲಾ ಪುಕ್ಕಟೆ. ನನಗೆ ಮೈ ಉರಿದುಹೋಯಿತು. ಹೆರಾಯಿನ್ ಚುಚ್ಚಿಕೊಳ್ಳೋನಿಗೆ ಸರ್ಕಾರವೇ ಸೂಜಿ ಕೊಡೋದಾ? ಮುಖ ನೋಡದೆ ಪೊಟ್ಟಣ ತಳ್ಳಿದೆ. ಅವನು ಥ್ಯಾಂಕ್ಸ್ ಹೇಳಿ ಹೋದ.

ಜೊತೆಗಿದ್ದ ಪಂಜಾಬಿ ಆಂಟಿ ಆಮೇಲೆ ನನ್ನನ್ನು ಒಳಗೆ ಕರೆದರು. "ಬೇಟಾ, ಇವತ್ತಿಡೀ ಅವನನ್ನ ಮಾತಾಡಿಸೋರು ನಾವಿಬ್ಬರೇ ಇರಬಹುದು. ಮುಖ ನೋಡಿ ಕೊಡು" ಅಂದರು. ನನಗೆ ಆಗ ಅರ್ಥ ಆಗಲಿಲ್ಲ. ಓದಿಕೊಂಡ ಮೇಲೆ ಆಯಿತು.

1980ರ ದಶಕದಲ್ಲಿ ಎಡಿನ್‌ಬರೋದಲ್ಲಿ ಸೂಜಿ ಸಿಗದೆ ಒಂದನ್ನೇ ಹಲವರು ಹಂಚಿಕೊಂಡು ಎಚ್‌ಐವಿ ಹರಡಿತು. 1986ರಲ್ಲಿ ಲಿವರ್‌ಪೂಲ್‌ನಲ್ಲಿ ಹೊಸ ಸೂಜಿ ಕೊಡೋಕೆ ಶುರು ಮಾಡಿದರು. 1988ರಲ್ಲಿ ಸರ್ಕಾರದ ಸಲಹಾ ಸಮಿತಿಯೇ, ಡ್ರಗ್ಸಿಗಿಂತ ಎಚ್‌ಐವಿ ದೊಡ್ಡ ಅಪಾಯ ಅಂತ ವರದಿ ಕೊಟ್ಟಿತು. ಇವತ್ತು ಈ ದೇಶದಲ್ಲಿ ಚುಚ್ಚಿಕೊಳ್ಳುವವರಲ್ಲಿ ಎಚ್‌ಐವಿ ಇರುವವರು ನೂರಕ್ಕೆ ಒಬ್ಬರ ಆಸುಪಾಸು. ನಮ್ಮ ಮಣಿಪುರದಲ್ಲಿ 1990ರ ಹೊತ್ತಿಗೆ ಅದು ಅರ್ಧದಷ್ಟು ಜನರನ್ನು ಮುಟ್ಟಿತ್ತು. ಆಮೇಲೆ ಭಾರತದಲ್ಲೂ ಸರ್ಕಾರದ ಏಡ್ಸ್ ಕಾರ್ಯಕ್ರಮವೇ ಸೂಜಿ ಕೊಡೋ ವ್ಯವಸ್ಥೆ ತಂದಿತು.

ಊರಲ್ಲಿ ತೆರೆದ ಬಾವಿಗೆ ಕಟ್ಟೆ ಕಟ್ತೀವಿ. ಕಟ್ಟೆ ಕಟ್ಟಿದವರು ಬಾವಿಗೆ ಬೀಳಿ ಅಂತ ಯಾರಿಗೂ ಹೇಳಿದ ಹಾಗಲ್ಲ. ಇಲ್ಲಿನ ಈ ಕೆಲಸವೂ ಅಷ್ಟೆ. ಬಿಡೋ ದಿನ ಬರೋವರೆಗೂ ಮನುಷ್ಯ ಬದುಕಿರಬೇಕಲ್ಲ.

ಈಗ ನನ್ನ ತಪ್ಪಿಗೆ ಬರ್ತೀನಿ. ಅವನ ಒಪ್ಪಿಗೆ ಕೇಳಿಯೇ ಹೇಳ್ತಾ ಇದ್ದೀನಿ, ಗುರುತು ಸಿಗದ ಹಾಗೆ ಕೆಲವು ಬದಲಾಯಿಸಿದ್ದೀನಿ.

ನಮ್ಮ ಕಡೆಯ ಹುಡುಗ. ಗೋದಾಮಿನಲ್ಲಿ ನೈಟ್ ಶಿಫ್ಟು, ಭಾರ ಎತ್ತಿ ಎತ್ತಿ ಸೊಂಟ ನೋವು. ರಜಾ ಹಾಕಿದರೆ ಸಂಬಳ ಕಟ್. ಅಂಗಡಿಯಲ್ಲಿ ಕೋ-ಕೊಡಮಾಲ್ ಮಾತ್ರೆ ಚೀಟಿ ಇಲ್ಲದೆ ಸಿಗುತ್ತೆ. ಒಂದು ಮಾತ್ರೆಯಲ್ಲಿ 8 ಮಿಲಿಗ್ರಾಂ ಕೊಡೀನ್, 500 ಮಿಲಿಗ್ರಾಂ ಪ್ಯಾರಸಿಟಮಾಲ್. ಕೊಡೀನ್ ಅಫೀಮಿನ ಜಾತಿಯದೇ. ಮೂರು ದಿನಕ್ಕಿಂತ ಹೆಚ್ಚು ತಗೋಬೇಡಿ, ಚಟ ಹತ್ತುತ್ತೆ ಅಂತ ಡಬ್ಬದ ಮೇಲೇ ಬರೆದಿರುತ್ತೆ. ಒಂದೇ ವಾರದಲ್ಲಿ ಮೂರನೇ ಸಲ ಬಂದು ಅವನು ಕನ್ನಡದಲ್ಲೇ ಕೇಳಿದ, "ಅಕ್ಕಾ, ಇನ್ನೊಂದು ಡಬ್ಬ ಕೊಡ್ತೀರಾ?"

ನಾನು ಕೊಡಲ್ಲ ಅಂದೆ. ಕೊಡದೇ ಇದ್ದದ್ದು ಸರಿ. ಆದರೆ ಅಷ್ಟೇ ಅಂದೆ. ಹಿಂದೆ ಕ್ಯೂ ಇತ್ತು, ಅವನ ಮುಖ ಕೆಂಪಾಗಿತ್ತು, ನನಗೂ ಮುಜುಗರ. ಏನಪ್ಪಾ ಆಯ್ತು ಅಂತ ಒಂದು ಮಾತು ಕೇಳಲಿಲ್ಲ. ಪರದೇಶದವನ ಮುಖ ನೋಡಿ ಸೂಜಿ ಕೊಡೋದು ಕಲಿತಿದ್ದ ನಾನು ನಮ್ಮ ಊರಿನ ಹುಡುಗನ ಮುಖ ನೋಡಲಿಲ್ಲ. ಅವನು ಪೆರೇಡಿನಲ್ಲಿ ಒಂದು ಅಂಗಡಿ, ವಾರ್ವಿಕ್‌ನಲ್ಲಿ ಇನ್ನೊಂದು, ಹೀಗೆ ಸುತ್ತಿ ತಗೊಂಡ. ಎರಡು ತಿಂಗಳಾದ ಮೇಲೆ ಆಸ್ಪತ್ರೆ ಸೇರಿದ. ದಿನಕ್ಕೆ ಇಪ್ಪತ್ತು ಮಾತ್ರೆ ಅಂದರೆ 10 ಗ್ರಾಂ ಪ್ಯಾರಸಿಟಮಾಲ್. ಮಿತಿ 4 ಗ್ರಾಂ. ಲಿವರ್ ಕೈಕೊಟ್ಟಿತ್ತು. ದೇವರ ದಯೆ, ಉಳಿದ.

ನೋಡೋಕೆ ಹೋದಾಗ ಕೇಳಿದೆ, ಯಾಕಪ್ಪಾ ಯಾರಿಗೂ ಹೇಳಲಿಲ್ಲ ಅಂತ. "ವೀಸಾ ಹೋದ್ರೆ ಅಂತ ಭಯ ಅಕ್ಕಾ. ಅಮ್ಮನಿಗೆ ಗೊತ್ತಾದ್ರೆ? ನಮ್ಮೋರಿಗೆ ಗೊತ್ತಾದ್ರೆ?" ಅಂದ. ಆ ಮೂರನೆಯದಕ್ಕೆ ಉತ್ತರ ನಾವೇ ಕೊಡಬೇಕು.

ವಾರ್ವಿಕ್‌ಶೈರ್‌ನಲ್ಲಿ ಈ ಸೇವೆ ನಡೆಸೋದು ಚೇಂಜ್ ಗ್ರೋ ಲಿವ್ ಅನ್ನೋ ಸಂಸ್ಥೆ, ದುಡ್ಡು ಕೌಂಟಿ ಕೌನ್ಸಿಲಿನದು. ಲೆಮಿಂಗ್ಟನ್‌ನಲ್ಲೂ ಇದೆ. ಜಿಪಿ ಚೀಟಿ ಬೇಕಿಲ್ಲ, ನೀವೇ ಫೋನ್ ಮಾಡಬಹುದು. ಫೀಸಿಲ್ಲ. ನಾನೂ ಜೊತೆಗೆ ಹೋಗಿದ್ದೆ. ನಾಳೆಯಿಂದ ನಿಲ್ಲಿಸು ಅಂತ ಅವರು ಹೇಳಲಿಲ್ಲ. ಎಷ್ಟು ತಗೋತೀಯ, ನಿದ್ದೆ ಹೇಗಿದೆ, ನೋವು ಎಲ್ಲಿ, ಬೇರೆ ಏನು ತಗೋತೀಯ ಅಂತ ಕೇಳಿದರು. ಡಾಕ್ಟರು ಬೂಪ್ರೆನಾರ್ಫಿನ್ ಕೊಟ್ಟು ಮೆಲ್ಲಮೆಲ್ಲಗೆ ಇಳಿಸಿದರು. ಸೊಂಟಕ್ಕೆ ಫಿಸಿಯೋ. ಈಗ ಕೆಲಸಕ್ಕೆ ಹೋಗ್ತಾ ಇದ್ದಾನೆ.

ಕಂಪನಿಗೆ ಹೇಳ್ತಾರಾ? ನಿಮ್ಮ ಒಪ್ಪಿಗೆ ಇಲ್ಲದೆ ಹೇಳಲ್ಲ. ಮಕ್ಕಳಿಗೆ ಅಪಾಯ, ಯಾರದೋ ಜೀವಕ್ಕೆ ಅಪಾಯ ಇದ್ದರೆ ಮಾತ್ರ ಬೇರೆ ಮಾತು. ಮೊದಲ ದಿನವೇ ಇದನ್ನು ಅವರನ್ನೇ ಕೇಳಿ, ವಿವರಿಸ್ತಾರೆ. ಗಾಡಿ ಓಡಿಸೋರು ಒಂದು ನೆನಪಿಡಿ. ಚಟ ಇದ್ದರೆ ಡಿವಿಎಲ್‌ಎಗೆ ತಿಳಿಸೋದು ನಿಮ್ಮದೇ ಕಾನೂನು ಹೊಣೆ. ಹೆಸರು ಹೇಳದೆ ಸುಮ್ಮನೆ ವಿಚಾರಿಸಬೇಕಾ? ಫ್ರ್ಯಾಂಕ್ ಸಹಾಯವಾಣಿ ಇದೆ, 0300 123 6600.

ಇನ್ನು ಮೂರು ಮಾತು, ಬರೆದುಕೊಳ್ಳಿ.

ಒಂದು, ನಾಲಾಕ್ಸೋನ್. ಹೆರಾಯಿನ್, ಮಾರ್ಫಿನ್ ಜಾತಿಯದು ಹೆಚ್ಚಾಗಿ ಉಸಿರು ನಿಲ್ಲುವಾಗ ಮೂಗಿಗೆ ಬಿಡೋ ಸ್ಪ್ರೇ, ಇಂಜೆಕ್ಷನ್ನೂ ಇದೆ. 2015ರಿಂದ ಚಟ ಚಿಕಿತ್ಸೆಯ ಕೇಂದ್ರಗಳು ಇದನ್ನು ಚೀಟಿ ಇಲ್ಲದೆ ಕೊಡ್ತಾವೆ, ಮನೆಯವರಿಗೂ ಗೆಳೆಯರಿಗೂ. ಎಬ್ಬಿಸಿದರೆ ಏಳಲ್ಲ, ತುಟಿ ನೀಲಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು, ಗೊರಕೆಯಂಥ ಉಸಿರು, ಇದು ಲಕ್ಷಣ. ಮೊದಲು 999. ಒಂದು ಹೊಳ್ಳೆಗೆ ಸ್ಪ್ರೇ, ಎರಡು ಮೂರು ನಿಮಿಷದಲ್ಲಿ ಏಳದಿದ್ದರೆ ಇನ್ನೊಂದು ಹೊಳ್ಳೆಗೆ ಎರಡನೆಯದು. ಎದ್ದ ಅಂತ ಬಿಟ್ಟು ಹೋಗಬೇಡಿ. ಸ್ಪ್ರೇಯ ಶಕ್ತಿ ಬೇಗ ಇಳಿಯುತ್ತೆ, ಒಳಗಿನದು ಇನ್ನೂ ಇರುತ್ತೆ.

ಎರಡು, ನಿದ್ದೆ ಬರಲ್ಲ ಅಂತ ಆನ್‌ಲೈನಲ್ಲಿ, ಪರಿಚಯದವರ ಹತ್ತಿರ ಮಾತ್ರೆ ಕೊಳ್ಳಬೇಡಿ. 2023ರ ಬೇಸಿಗೆಯಲ್ಲಿ ಪಕ್ಕದ ಬರ್ಮಿಂಗ್‌ಹ್ಯಾಮ್‌ನಲ್ಲೇ ಹೆರಾಯಿನ್ನಿಗೆ ನೈಟಜೀನ್ ಬೆರೆತು ಸಾಲು ಸಾವಾಯಿತು. ಅದು ನಕಲಿ ಮಾತ್ರೆಗಳಲ್ಲೂ ಸಿಕ್ಕಿದೆ. ಆ ವರ್ಷ ಇಂಗ್ಲೆಂಡ್, ವೇಲ್ಸ್‌ನಲ್ಲಿ ದಾಖಲಾದ ಡ್ರಗ್ಸ್ ವಿಷದ ಸಾವು 5,448. ಲೆಕ್ಕ ಶುರುವಾದ 1993ರಿಂದ ಅಲ್ಲಿಯವರೆಗೆ ಅಷ್ಟು ಯಾವತ್ತೂ ಆಗಿರಲಿಲ್ಲ.

ಮೂರು, ಕುಡಿತ. ದಿನವೂ ಜಾಸ್ತಿ ಕುಡಿಯೋರು ಹಬ್ಬದ ದಿನ ಆಣೆ ಮಾಡಿ ಥಟ್ಟನೆ ನಿಲ್ಲಿಸಬೇಡಿ. ಕೈ ನಡುಕ, ಬೆವರು, ಫಿಟ್ಸ್ ಬಂದು ಪ್ರಾಣಕ್ಕೇ ಕುತ್ತಾಗಬಹುದು. ಡಾಕ್ಟರ ಮಾತಿನ ಪ್ರಕಾರ ಇಳಿಸಿ. ಕುಡಿತಕ್ಕೂ ಅದೇ ಕೇಂದ್ರ, ಅದೇ ಬಾಗಿಲು.

ನಾವು ಹತ್ತು ಜನ ಒಂದು ಮನೇಲಿ ಇರ್ತೀವಿ. ಒಬ್ಬನ ಹಾಸಿಗೆ ಪಕ್ಕ ಖಾಲಿ ಮಾತ್ರೆ ಪಟ್ಟಿ ಜಾಸ್ತಿ ಕಂಡರೆ, ಬಾತ್‌ರೂಮಿನ ಬಾಗಿಲು ತುಂಬಾ ಹೊತ್ತು ಹಾಕಿದ್ದರೆ, ಗುಸುಗುಸು ಮಾತಾಡಬೇಡಿ. ಊರಿಗೆ ಫೋನ್ ಹಾಕಬೇಡಿ. ಒಂದು ಲೋಟ ಕಾಫಿ ಮಾಡಿ ಪಕ್ಕದಲ್ಲಿ ಕೂತು "ಏನಪ್ಪಾ ಆಯ್ತು?" ಅಂತ ಕೇಳಿ. ನಾನು ಅವತ್ತು ಕೇಳದೇ ಬಿಟ್ಟ ಮಾತು ಅದು.

 ಊಟ ಆದಮೇಲೆ ಬಾಗಿಲ ಹತ್ತಿರ ಇರ್ತೀನಿ. ಒಂಟಿಯಾಗಿ ಬಂದು ಕೇಳೋರು ಕೇಳಬಹುದು, ನಿಮ್ಮ ಮಾತು ನನ್ನಲ್ಲೇ ಉಳಿಯುತ್ತೆ.