ಟಾಯರ್ ಒಡೆದರೆ ತಪ್ಪು ಯಾರದು?

(ಸಾವಳಗಿಯ ಕಲಿಕೆಯ ಕೇಂದ್ರದಲ್ಲಿ ಹೆಣ್ಣುಮಕ್ಕಳ ಮುಂದೆ ಆಡಿದ ಮಾತು)



ಕಬ್ಬಿನ ಹಂಗಾಮು ಬಂತೆಂದರೆ ನಮ್ಮ ಸಾವಳಗಿ, ಜಮಖಂಡಿ, ಮುಧೋಳ ಕಡೆಯ ರಸ್ತೆ ತುಂಬ ಟ್ರ್ಯಾಕ್ಟರ್. ಒಂದಕ್ಕೆ ಎರಡು ಟ್ರೇಲರ್. ಅದರ ಮೇಲೆ ಆಳೆತ್ತರ ಕಬ್ಬು. ಕೂಲಿಗೆ ಹೋಗುವವರು ಟಂಟಂ, ಟೆಂಪೊ, ಕ್ರೂಸರ್ ಹತ್ತುತ್ತಾರೆ. ಸವದತ್ತಿ ಎಲ್ಲಮ್ಮನ ಜಾತ್ರೆಗೆ ಟ್ರ್ಯಾಕ್ಟರಿನಲ್ಲೇ ಹೋಗುವವರೂ ಇದ್ದಾರೆ.

ನಡುವೆ ಎಲ್ಲೋ ಒಂದು ಗಾಡಿ ಪಲ್ಟಿ ಆಗುತ್ತದೆ. ಆಗ ಗಾಡಿಯವರು ಏನಂತಾರೆ? "ಟಾಯರ್ ಒಡೀತ್ರಿ. ನಾವೇನು ಮಾಡೋಣ?" ಊರವರು ಏನಂತಾರೆ? "ಅವರ ಹಣೆಬರಹ."

ಇದು ಹಣೆಬರಹವೇ? ಇವತ್ತು ಬಿಡಿಸಿ ನೋಡೋಣ.

ಮೊದಲು, ಟಾಯರ್ ಯಾಕೆ ಒಡೆಯುತ್ತದೆ? ಒಂದು ತಂತಿ ಹಿಡಿದು ಹತ್ತಾರು ಸಲ ಬಗ್ಗಿಸಿರಿ. ಬಗ್ಗಿಸಿದಲ್ಲಿ ಬಿಸಿ ಆಗುತ್ತದೆ. ಕೊನೆಗೆ ಮುರಿಯುತ್ತದೆ. ಟಾಯರಿನದೂ ಅದೇ ಕಥೆ. ಹವಾ ಕಡಿಮೆ ಇದ್ದರೆ ಗಾಲಿ ತಿರುಗಿದಂತೆ ಟಾಯರ್ ಬಗ್ಗುತ್ತದೆ, ಕಾಯುತ್ತದೆ. ಭಾರ ಹೆಚ್ಚಾದರೆ ಇನ್ನೂ ಬಗ್ಗುತ್ತದೆ. ಜೋರು ಓಡಿಸಿದರೆ ಇನ್ನೂ ಕಾಯುತ್ತದೆ. ಮೇಲೆ ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲು. ಹಳೇ ಟಾಯರ್ ಆದರೆ ತಡೆಯುವುದಿಲ್ಲ. ಸುಲಿದು ಹೋಗುತ್ತದೆ, ಇಲ್ಲವೇ ಒಡೆಯುತ್ತದೆ.

ಗಾಡಿ ಉರುಳುವುದು ಯಾಕೆ? ತಲೆಯ ಮೇಲೆ ಒಂದು ಕೊಡ ಹೊತ್ತವಳು ಎಡವಿದರೆ ಸಾವರಿಸಿಕೊಳ್ಳಬಹುದು. ಮೂರು ಕೊಡ ಹೊತ್ತವಳು ಎಡವಿದರೆ? ಭಾರ ಎತ್ತರದಲ್ಲಿದ್ದಷ್ಟೂ ಬೀಳುವುದು ಸುಲಭ. ಗಾಡಿಯ ಮಾಳಿಗೆ ಮೇಲೂ ಜನ ಕೂತರೆ ಹಾಗೇ ಆಗುತ್ತದೆ.

ಇನ್ನು ಒಂದು ದೊಡ್ಡ ಪ್ರಕರಣ ಕೇಳಿರಿ. ಅಮೆರಿಕದಲ್ಲಿ ಫೋರ್ಡ್ ಎಂಬ ಕಂಪನಿ ಎಕ್ಸ್‌ಪ್ಲೋರರ್ ಎಂಬ ಎತ್ತರದ ಗಾಡಿ ಮಾಡುತ್ತಿತ್ತು. ಅದಕ್ಕೆ ಫೈರ್‌ಸ್ಟೋನ್ ಕಂಪನಿಯ ಟಾಯರ್. ಓಡುವಾಗಲೇ ಟಾಯರಿನ ಮೇಲ್ಪದರ ಸುಲಿದು ಹೋಗುತ್ತಿತ್ತು. ಗಾಡಿ ಉರುಳುತ್ತಿತ್ತು. ಬಿಸಿಲಿನ ಸೀಮೆಯಲ್ಲಿ ಇದು ಹೆಚ್ಚು. ಅಲ್ಲಿನ ಸರ್ಕಾರಕ್ಕೆ ಬಂದ ವರದಿಗಳ ಲೆಕ್ಕದಲ್ಲಿ 271 ಜನ ಸತ್ತರು.

ಟಾಯರ್ ಕಂಪನಿ ಹೇಳಿತು: "ನಿಮ್ಮ ಗಾಡಿಯೇ ಉರುಳುವಂಥದ್ದು. 26 ಪೌಂಡ್ ಹವಾ ಸಾಕು ಅಂದವರು ನೀವು. 30 ಬೇಕಿತ್ತು." ಗಾಡಿ ಕಂಪನಿ ಹೇಳಿತು: "ನಿಮ್ಮ ಟಾಯರೇ ಕೆಟ್ಟದ್ದು." ಅತ್ತೆ-ಸೊಸೆ ಒಬ್ಬರ ಮೇಲೊಬ್ಬರು ಹಾಕಿದಂತೆ ಆಯಿತು. ಆದರೆ ಯಾರೂ "ಇದು ದೇವರ ಇಚ್ಛೆ" ಎಂದು ಬಿಡಲಿಲ್ಲ. ಸತ್ತವರ ಮನೆಯವರು ಕೋರ್ಟಿಗೆ ಹೋದರು. ಪತ್ರಿಕೆಯವರು, ಟಿವಿಯವರು ಬೆನ್ನು ಹತ್ತಿದರು. 2000ನೇ ಇಸವಿ ಆಗಸ್ಟಿನಲ್ಲಿ ಕಂಪನಿ 65 ಲಕ್ಷ ಟಾಯರ್ ವಾಪಸು ಕರೆಯಬೇಕಾಯಿತು. ಅದೇ ವರ್ಷ ಅಲ್ಲಿ ಹೊಸ ಕಾಯ್ದೆಯೂ ಬಂತು. ದೋಷ ಗೊತ್ತಾದರೆ ಕಂಪನಿ ಸರ್ಕಾರಕ್ಕೆ ತಿಳಿಸಲೇಬೇಕು, ಮುಚ್ಚಿಡುವಂತಿಲ್ಲ.

ನಮ್ಮ ದೇಶದಲ್ಲಿ ಏನಾಗಿದೆ? 2010ರಲ್ಲಿ ಪುಣೆಯಿಂದ ಮುಂಬೈಗೆ ಹೊರಟ ಒಂದು ಕಾರಿನ ಹಿಂದಿನ ಟಾಯರ್ ಒಡೆಯಿತು. ಕಾರು ತಗ್ಗಿಗೆ ಬಿತ್ತು. 38 ವರ್ಷದ ಒಬ್ಬ ಪ್ರಯಾಣಿಕ ಸತ್ತ. ವಿಮೆ ಕಂಪನಿ "ಟಾಯರ್ ಒಡೆದದ್ದು ದೈವದ ಆಟ, ನಾವು ಹಣ ಕೊಡುವುದಿಲ್ಲ" ಎಂದಿತು. 2023ರಲ್ಲಿ ಮುಂಬೈ ಹೈಕೋರ್ಟ್ ಅದನ್ನು ಒಪ್ಪಲಿಲ್ಲ. ಟಾಯರ್ ಒಡೆಯುವುದು ದೈವದ ಆಟವಲ್ಲ, ಮನುಷ್ಯರ ಅಲಕ್ಷ್ಯ ಎಂದು ಹೇಳಿತು. ಜೋರು ಓಡಿಸುವುದು, ಹವಾ ಕಡಿಮೆ ಅಥವಾ ಹೆಚ್ಚು ಇರುವುದು, ಹಳೇ ಟಾಯರ್ ಹಾಕುವುದು ಇವೇ ಕಾರಣ ಎಂದಿತು. ಆ ಮನೆಯವರಿಗೆ ಸುಮಾರು 1 ಕೋಟಿ 25 ಲಕ್ಷ ರೂಪಾಯಿ ಪರಿಹಾರ ಗಟ್ಟಿಯಾಯಿತು.

ಇನ್ನೊಂದು ಮಾತು. ಎಲ್ಲ ಸಲ ಟಾಯರೇ ಒಡೆದಿರುತ್ತದೆ ಎಂದೂ ಇಲ್ಲ. 2023ರ ಜುಲೈ 1ರಂದು ಮಹಾರಾಷ್ಟ್ರದ ಬುಲಢಾಣಾ ಜಿಲ್ಲೆಯಲ್ಲಿ ಬಸ್ಸು ಉರುಳಿ ಬೆಂಕಿ ಹತ್ತಿತು. 25 ಜನ ಸತ್ತರು. ಟಾಯರ್ ಒಡೆಯಿತು ಎಂದು ಚಾಲಕ ಹೇಳಿದ. ಆರ್‌ಟಿಓದವರು ನೋಡಿದರೆ ಟಾಯರ್ ಒಡೆದ ಗುರುತೇ ಸಿಗಲಿಲ್ಲ. ಅದಕ್ಕೇ ಹೇಳುವುದು, ಕೇಳಿದ್ದನ್ನೆಲ್ಲ ನಂಬಬಾರದು. ಪರೀಕ್ಷೆ ಆಗಬೇಕು.

ಹಾಗಾದರೆ ತಪ್ಪು ಯಾರದು? ಸವೆದ ಟಾಯರ್ ಬದಲಿಸದ ಮಾಲೀಕನದು. ಹವಾ ನೋಡದೆ ಜೋರು ಓಡಿಸುವ ಚಾಲಕನದು. ಕೆಟ್ಟ ಮಾಲು ಮಾರಿದ ಕಂಪನಿಯದು. ನೋಡಿಯೂ ನೋಡದಂತೆ ಬಿಡುವ ಅಧಿಕಾರಿಯದು. ಹೊತ್ತಿಗೆ ಸರಿಯಾಗಿ ಬಸ್ಸು ಬಿಡದ ವ್ಯವಸ್ಥೆಯದೂ ಹೌದು. "ಕೂತವರದೇ ತಪ್ಪು, ಯಾಕೆ ಹತ್ತಿದರು?" ಎನ್ನುವುದು ಸುಲಭ. ಬಸ್ಸಿಲ್ಲದ ಊರಿನಿಂದ ಕೂಲಿಗೆ ಹೋಗುವ ಹೆಣ್ಣುಮಗಳು ಮತ್ತೇನು ಹತ್ತಬೇಕು?

ಆದರೂ ಒಂದು ನೆನಪಿಡಿ. ಟ್ರೇಲರ್ ಇರುವುದು ಮಾಲು ಒಯ್ಯಲು. ಅದರಲ್ಲಿ ಕೂತವರಿಗೆ ಹಣ ಕೊಡಲು ವಿಮೆ ಕಂಪನಿ ಒಲ್ಲೆ ಎನ್ನಬಹುದು.

ಈಗ ನಿಮಗೆ ಅಕ್ಷರ ಬಂದಿದೆ, ಅಂಕಿ ಬಂದಿದೆ. ಟಾಯರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ. 1522 ಎಂದಿದ್ದರೆ 2022ನೇ ಇಸವಿಯ 15ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಹತ್ತುವ ಮುಂಚೆ ಓದಿರಿ. ಟಾಯರ್ ನುಣ್ಣಗಾಗಿದ್ದರೆ, ಸೀಳಿದ್ದರೆ "ಇದರಾಗ ನಾವು ಬರೂದಿಲ್ಲ" ಅನ್ನಿರಿ. ಒಬ್ಬಳು ಅಂದರೆ ಬೈಯುತ್ತಾರೆ. ಹತ್ತು ಮಂದಿ ಕೂಡಿ ಅಂದರೆ ಟಾಯರ್ ಬದಲಿಸುತ್ತಾರೆ.

ಅಪಘಾತ ಆದರೆ ಪೊಲೀಸರಲ್ಲಿ ದೂರು ಬರೆಸಿರಿ. ಅದರ ಪ್ರತಿ ಕೇಳಿರಿ, ಅದು ಪುಕ್ಕಟೆ. ಒಡೆದ ಟಾಯರನ್ನು ಯಾರೂ ಒಯ್ಯದಂತೆ ನೋಡಿರಿ. ಅದೇ ಸಾಕ್ಷಿ. ಯಾರಾದರೂ ಕಾಗದ ತಂದು "ಇಲ್ಲಿ ಹೆಬ್ಬೆಟ್ಟು ಒತ್ತವ್ವ, ಐದು ಸಾವಿರ ತಗೋ" ಅಂದರೆ ಒತ್ತಬೇಡಿರಿ. ಮೊದಲು ಓದಿರಿ. ಪರಿಹಾರದ ಅರ್ಜಿಯನ್ನು ಆರು ತಿಂಗಳೊಳಗೆ ಹಾಕಬೇಕು ಎಂಬ ನಿಯಮ 2022ರಿಂದ ಇದೆ. ತಡ ಮಾಡಬಾರದು. ಹೆಣ್ಣುಮಕ್ಕಳಿಗೆ ಸರ್ಕಾರದಿಂದ ಪುಕ್ಕಟೆ ವಕೀಲರು ಸಿಗುತ್ತಾರೆ. ಜಮಖಂಡಿ ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿಯನ್ನು ಕೇಳಿರಿ. ಇಲ್ಲವೇ 15100ಕ್ಕೆ ಫೋನ್ ಮಾಡಿರಿ.

ಹೋದ ಜೀವ ದುಡ್ಡಿನಿಂದ ಬರುವುದಿಲ್ಲ. ಆದರೆ ತಪ್ಪು ಮಾಡಿದವರು ದುಡ್ಡು ಕಟ್ಟಬೇಕಾದಾಗ ಮಾತ್ರ ಮುಂದಿನ ಗಾಡಿಗೆ ಒಳ್ಳೆ ಟಾಯರ್ ಬೀಳುತ್ತದೆ.

ಕೂಡಿ ಮಾತಾಡಿರಿ:
1. ಟಾಯರ್ ಒಡೆಯಲು ಕಾರಣಗಳೇನು?
2. ಟಾಯರಿನ ಮೇಲೆ 0824 ಎಂದಿದ್ದರೆ ಅದು ತಯಾರಾದದ್ದು ಯಾವಾಗ?
3. ನಿಮ್ಮ ಊರಿಗೆ ಯಾವ ಹೊತ್ತಿಗೆ ಬಸ್ಸು ಬೇಕು? ಕೂಡಿ ಒಂದು ಅರ್ಜಿ ಬರೆಯಿರಿ.