ಉಮುಓಫಿಯಾದಿಂದ ದೂರ್ವಾಸಪುರಕ್ಕೆ
(ಆಫ್ರಿಕಾ ಮತ್ತು ಏಷ್ಯಾ ಸಾಹಿತ್ಯಗಳ ತೌಲನಿಕ ಅಧ್ಯಯನದ ಬಗ್ಗೆ ಸ್ನಾತಕೋತ್ತರ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಲಿಖಿತ ರೂಪ)



ಎರಡು ಕಾದಂಬರಿಗಳಿಂದ ಮಾತು ಆರಂಭಿಸುತ್ತೇನೆ. ಒಂದನ್ನು ನಿಮ್ಮಲ್ಲಿ ಬಹಳ ಜನ ಓದಿದ್ದೀರಿ: ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’, 1965ರದು. ಇನ್ನೊಂದು, ನೈಜೀರಿಯದ ಚಿನುವಾ ಅಚಿಬೆ ಇಂಗ್ಲಿಷಿನಲ್ಲಿ ಬರೆದು 1958ರಲ್ಲಿ ಪ್ರಕಟಿಸಿದ ‘ಥಿಂಗ್ಸ್ ಫಾಲ್ ಅಪಾರ್ಟ್’. ಎರಡರಲ್ಲೂ ಒಂದೊಂದು ಹೆಣವಿದೆ. ಆ ಎರಡು ಹೆಣಗಳನ್ನೂ ಅವರವರ ಜನವೇ ಮುಟ್ಟುವಂತಿಲ್ಲ.

ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪ ಸತ್ತಿದ್ದಾನೆ. ಬದುಕಿದ್ದಾಗ ಆಚಾರಗಳನ್ನೆಲ್ಲ ಧಿಕ್ಕರಿಸಿದವನು. ಆದರೆ ಅವನನ್ನು ಯಾರೂ ಜಾತಿಯಿಂದ ಹೊರಗೆ ಹಾಕಿರಲಿಲ್ಲ. ಹಾಗಾದರೆ ಸಂಸ್ಕಾರ ಮಾಡುವವರು ಯಾರು? ಪ್ರಾಣೇಶಾಚಾರ್ಯರು ಗ್ರಂಥಗಳಲ್ಲಿ ಉತ್ತರ ಹುಡುಕುತ್ತಿರುವಾಗ ಇತ್ತ ಹೆಣ ನಾರತೊಡಗುತ್ತದೆ. ಕೊನೆಗೆ ರಾತ್ರೋರಾತ್ರಿ ಚಂದ್ರಿಯ ಕೋರಿಕೆಯಂತೆ ಅದನ್ನು ಸುಡುವವನು ಮೀನು ವ್ಯಾಪಾರಿ ಅಹಮದ್ ಬ್ಯಾರಿ.

ಉಮುಓಫಿಯಾ ಇಗ್ಬೋ ಜನರ ಊರು. ಅಲ್ಲಿ ಒಕೊಂಕ್ವೋ ಬಿಳಿಯರ ಸರ್ಕಾರದ ಜವಾನನೊಬ್ಬನನ್ನು ಕಡಿದು, ಆಮೇಲೆ ತಾನೇ ನೇಣು ಹಾಕಿಕೊಳ್ಳುತ್ತಾನೆ. ಆತ್ಮಹತ್ಯೆ ಭೂಮಿತಾಯಿಗೆ ಮಾಡಿದ ಅಪಚಾರ. ಅಂಥ ದೇಹವನ್ನು ಕುಲದವರು ಇಳಿಸುವಂತಿಲ್ಲ, ಹೂಳುವಂತಿಲ್ಲ. ಹಿರಿಯರು ಜಿಲ್ಲಾ ಕಮಿಷನರನ ಆಳುಗಳನ್ನೇ ಕೇಳಿಕೊಳ್ಳುತ್ತಾರೆ: ನೀವು ಹೊರಗಿನವರು, ನೀವು ಇಳಿಸಬಹುದು.

ಈ ಎರಡು ಕೃತಿಗಳನ್ನು ಒಟ್ಟಿಗಿಟ್ಟು ಪಾಠ ಮಾಡುವುದು ಹೊಸದೇನಲ್ಲ. ಪರೀಕ್ಷೆಯಲ್ಲಿ ಬರುವ ಉತ್ತರವೂ ಹೊಸದಲ್ಲ: ‘ಪರಂಪರೆ ಮತ್ತು ಆಧುನಿಕತೆಯ ಸಂಘರ್ಷ’. ಈ ಉತ್ತರ ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಅದು ಯಾವ ದೇಶದ ಯಾವ ಕಾದಂಬರಿಗೂ ಹೊಂದುವ ಅಂಗಿ. ಅದರ ಬದಲು ಹೀಗೆ ಕೇಳಿ ನೋಡಿ: ಹೆಣ ಎತ್ತಲು ಬಂದ ಆ ಹೊರಗಿನವನು ಯಾರು? ಅಚಿಬೆಯಲ್ಲಿ ಅವನು ಆಳುವವನು. ತಾನು ಬರೆಯಲಿರುವ ಪುಸ್ತಕದಲ್ಲಿ ಒಕೊಂಕ್ವೋನ ಇಡೀ ಬಾಳಿಗೆ ಒಂದು ಪ್ಯಾರಾ ಸಾಕೆಂದು ಕಮಿಷನರ್ ಲೆಕ್ಕ ಹಾಕುತ್ತಾನೆ. ಕಾದಂಬರಿ ಅಲ್ಲಿಗೇ ಮುಗಿಯುತ್ತದೆ. ಅನಂತಮೂರ್ತಿಯವರಲ್ಲಿ ಹೊರಗಿನವನು ನೆರೆಯವನು. ಬಂದ, ಕೆಲಸ ಮುಗಿಸಿದ, ಹೋದ. ಆಗಬೇಕಾದ ಕೆಲಸ ಆಗಿಹೋಗಿದೆ ಎಂಬುದು ಅಗ್ರಹಾರಕ್ಕೆ ಗೊತ್ತೇ ಇಲ್ಲ, ಓದುಗರಿಗೆ ಮಾತ್ರ ಗೊತ್ತು. ಒಂದು ಸಮುದಾಯದ ಕಥೆ ಹೇಳುವ ಹಕ್ಕನ್ನು ಇನ್ನೊಬ್ಬರು ಕಸಿದುಕೊಳ್ಳುತ್ತಿದ್ದಾರೆ. ಇನ್ನೊಂದಕ್ಕೆ ತನ್ನ ಪಕ್ಕದಲ್ಲಿರುವ ಮನುಷ್ಯನೇ ಕಾಣುತ್ತಿಲ್ಲ. ಎರಡಕ್ಕೂ ‘ವಸಾಹತುಶಾಹಿಯ ಆಘಾತ’ ಎಂಬ ಒಂದೇ ಚೀಟಿ ಅಂಟಿಸಿದರೆ ಈ ವ್ಯತ್ಯಾಸವೇ ಮುಚ್ಚಿಹೋಗುತ್ತದೆ.

ಹಾಗಾದರೆ ಯುರೋಪನ್ನು ಅಳತೆಗೋಲಾಗಿ ಹಿಡಿಯದೆ ಈ ಎರಡು ಖಂಡಗಳ ಸಾಹಿತ್ಯವನ್ನು ಅಕ್ಕಪಕ್ಕ ಇಟ್ಟು ನೋಡಬಹುದೇ? ಈ ಪ್ರಶ್ನೆಗೆ ಹತ್ತಿರದ ಒಂದು ಪ್ರಶ್ನೆ ವಿಶ್ವವಿದ್ಯಾಲಯದ ಕಡತದೊಳಕ್ಕೇ ನುಗ್ಗಿದ್ದು ಕೀನ್ಯಾದಲ್ಲಿ. 1968ರ ಸೆಪ್ಟೆಂಬರಿನಲ್ಲಿ ನೈರೋಬಿಯ ಯೂನಿವರ್ಸಿಟಿ ಕಾಲೇಜಿನಲ್ಲಿ ಇಂಗ್ಲಿಷ್ ವಿಭಾಗದ ಹಂಗಾಮಿ ಮುಖ್ಯಸ್ಥರು ವಿಭಾಗದ ಬೆಳವಣಿಗೆ ಕುರಿತು ಒಂದು ಟಿಪ್ಪಣಿ ಮಂಡಿಸಿದರು. ಅಕ್ಟೋಬರಿನಲ್ಲಿ ಅದಕ್ಕೆ ಮೂವರು ಉತ್ತರ ಕೊಟ್ಟರು: ಗೂಗಿ ವಾ ಥಿಯಾಂಗೊ, ಹೆನ್ರಿ ಓವೂರ್-ಅನ್ಯುಂಬಾ, ತಾಬಾನ್ ಲೋ ಲಿಯಾಂಗ್. ಇಂಗ್ಲಿಷ್ ವಿಭಾಗವನ್ನು ಸುಧಾರಿಸುವುದಲ್ಲ, ರದ್ದುಪಡಿಸಿ ಎಂಬುದು ಅವರ ಬೇಡಿಕೆ. ಒಂದೇ ಸಂಸ್ಕೃತಿಯ ಅಖಂಡ ಇತಿಹಾಸವನ್ನು ಓದಲೇಬೇಕೆಂದಾದರೆ ಅದು ಆಫ್ರಿಕಾದ್ದೇ ಏಕಾಗಬಾರದು ಎಂದು ಅವರು ಕೇಳಿದರು.

ಇಂಗ್ಲೆಂಡಿನ ಬಗ್ಗೆ ಸಿಟ್ಟು ಕಾರಿಕೊಂಡ ಕಾಗದ ಇದೆಂದು ಕೆಲವರು ತಿಳಿದಿದ್ದಾರೆ. ಓದಿದರೆ ಹಾಗಲ್ಲ. ಶೇಕ್ಸ್‌ಪಿಯರನನ್ನು ಸುಡಿ ಎಂದು ಅವರು ಹೇಳಲಿಲ್ಲ. ನಿಂತ ಜಾಗ ಬದಲಾಗಲಿ ಎಂದರು. ನಡುವೆ ಆಫ್ರಿಕಾ ಇರಲಿ; ಮೊದಲು ಇಲ್ಲಿಯ ಮೌಖಿಕ ಪರಂಪರೆ, ಸ್ವಾಹಿಲಿ, ಆಮೇಲೆ ಕೆರಿಬಿಯನ್ ಮೊದಲಾದ ಸಾಹಿತ್ಯಗಳು, ಯುರೋಪೂ ಇರಲಿ. ವಾದವಿವಾದಗಳಾದವು. ಕಡೆಗೆ ಇಂಗ್ಲಿಷ್ ವಿಭಾಗ ಹೋಗಿ ಸಾಹಿತ್ಯ ವಿಭಾಗ ಬಂತು. ಹೆಸರಿನಲ್ಲಿ ಭಾಷೆಯ ವಿಶೇಷಣವೇ ಇಲ್ಲ, ಬರೀ ಸಾಹಿತ್ಯ.

ಇಲ್ಲಿ ನಮ್ಮ ಕಡೆಗೆ ಸ್ವಲ್ಪ ತಿರುಗಬೇಕು. 1956ರಲ್ಲೇ ಕಲ್ಕತ್ತೆಯ ಜಾದವಪುರ ವಿಶ್ವವಿದ್ಯಾಲಯದಲ್ಲಿ ಬುದ್ಧದೇವ ಬಸು ತೌಲನಿಕ ಸಾಹಿತ್ಯ ವಿಭಾಗವನ್ನು ತೆರೆದರು. ಮೈಸೂರಿನಲ್ಲಿ ಸಿ.ಡಿ. ನರಸಿಂಹಯ್ಯನವರು ಕಾಮನ್‌ವೆಲ್ತ್ ಸಾಹಿತ್ಯದ ಅಧ್ಯಯನಕ್ಕೆ ದೊಡ್ಡ ದುಡಿಮೆ ಮಾಡಿದರು. ಅವರ ‘ಧ್ವನ್ಯಾಲೋಕ’ದ ಋಣ ನಮ್ಮ ಮೇಲಿದೆ. ಆದರೂ ‘ಕಾಮನ್‌ವೆಲ್ತ್’ ಎಂಬ ಹೆಸರಿನಲ್ಲೇ ತೊಡಕಿದೆ. ಒಬ್ಬನೇ ಯಜಮಾನನ ಕೈಕೆಳಗೆ ಇದ್ದೆವು ಎಂಬುದಷ್ಟೇ ಅಲ್ಲಿಯ ನಂಟು. ಫ್ರೆಂಚರು ಆಳಿದ ಸೆನೆಗಲ್ ಅದರೊಳಗೆ ಬರಲಿಲ್ಲ, ಪೋರ್ಚುಗೀಸರ ಅಂಗೋಲಾ ಬರಲಿಲ್ಲ, ಅರಬ್ಬಿಯಲ್ಲಿ ಬರೆಯುವ ಈಜಿಪ್ಟ್ ಬರಲಿಲ್ಲ. ನಮ್ಮ ಕ್ಯಾಂಪಸ್ಸುಗಳಲ್ಲಿ ಇನ್ನೂ ಒಂದು ಗೋಡೆ ಎದ್ದಿತು. ಜಾನಪದ ಬಹುಮಟ್ಟಿಗೆ ಕನ್ನಡ ವಿಭಾಗದ ಪಾಲಾಯಿತು, ಅಚಿಬೆ ಇಂಗ್ಲಿಷ್ ವಿಭಾಗದ ಪಾಲಾದ. ನೈರೋಬಿಯವರು ಒಂದೇ ಕೋಣೆಯಲ್ಲಿ ಕೂರಿಸಲು ಹೊರಟಿದ್ದನ್ನು ನಾವು ಎರಡು ಕಟ್ಟಡಗಳಲ್ಲಿ ಕೂರಿಸಿದೆವು. ಮಲೆ ಮಾದೇಶ್ವರನ ಕಾವ್ಯ ಓದಿದ ಹುಡುಗನಿಗೆ ಆಫ್ರಿಕಾದ ಮೌಖಿಕ ಕಾವ್ಯ ಕಾಣಲಿಲ್ಲ. ಅದನ್ನು ಕಂಡವನಿಗೆ ಮಾದೇಶ್ವರ ಪಠ್ಯವಾಗಿ ಕಾಣಲಿಲ್ಲ.

ಲಂಡನ್ನಿನ ಒಂದು ಸಂಸ್ಥೆಯ ಮಾತೂ ಹೇಳಬೇಕು. ಸಾಮ್ರಾಜ್ಯದ ಅಧಿಕಾರಿಗಳಿಗೆ ಪೂರ್ವದೇಶಗಳ ಭಾಷೆ ಕಲಿಸುವ ಅಗತ್ಯದಿಂದ 1916ರಲ್ಲಿ ಹುಟ್ಟಿದ ಶಾಲೆ ಅದು. 1938ರಲ್ಲಿ ಹೆಸರಿಗೆ ಆಫ್ರಿಕಾವೂ ಸೇರಿ ‘ಸೋಯಾಸ್’ ಆಯಿತು. ಆಫ್ರಿಕಾ-ಏಷ್ಯಾ ತೌಲನಿಕ ಸಾಹಿತ್ಯವೆಂಬ ಹೆಸರಿನಲ್ಲೇ ಎಂ.ಎ. ಪದವಿ ನಡೆಸಿದ್ದು ಇದೇ ಸಂಸ್ಥೆ. ಆಳುವುದಕ್ಕೆಂದು ಕೂಡಿಸಿದ ಗ್ರಂಥಭಂಡಾರ ಆಳಿಸಿಕೊಂಡವರು ಒಬ್ಬರನ್ನೊಬ್ಬರು ಓದುವುದಕ್ಕೂ ಒದಗಿತು. ಆದರೆ ನೋಡಿ, ಇಬ್ಬರೂ ಭೇಟಿಯಾಗಬೇಕಾದರೆ ಟಿಕೆಟ್ ಲಂಡನ್ನಿಗೇ ತೆಗೆಯಬೇಕು!

ಭಾಷೆಯ ಪ್ರಶ್ನೆ ಇನ್ನೂ ಕಠಿಣ. 1962ರ ಜೂನಿನಲ್ಲಿ ಉಗಾಂಡದ ಮಕೆರೆರೆಯಲ್ಲಿ ಆಫ್ರಿಕನ್ ಲೇಖಕರ ಸಮ್ಮೇಳನ ಸೇರಿತು. ಆಗಿನ್ನೂ ವಿದ್ಯಾರ್ಥಿಯಾಗಿದ್ದ ಗೂಗಿಗೆ, ಇಂಗ್ಲಿಷಿನಲ್ಲಿ ಅಚ್ಚಾಗಿದ್ದ ಸಣ್ಣಕತೆಗಳ ಬಲದ ಮೇಲೆ ಅಲ್ಲಿ ಜಾಗ ಸಿಕ್ಕಿತು. ಸ್ವಾಹಿಲಿಯ ಹಿರಿಯ ಕವಿ ಶಾಬಾನ್ ರಾಬರ್ಟ್‌ಗೆ ಸಿಗಲಿಲ್ಲ. 1938ರಲ್ಲೇ ಯೊರೂಬಾ ಭಾಷೆಯಲ್ಲಿ ಕಾದಂಬರಿ ಬರೆದಿದ್ದ ಫಗುನ್ವಾಗೂ ಸಿಗಲಿಲ್ಲ. ಅದು ಇಂಗ್ಲಿಷಿನಲ್ಲಿ ಬರೆಯುವ ಆಫ್ರಿಕನ್ನರ ಸಭೆಯಾಗಿತ್ತು. ಶಾಬಾನ್ ರಾಬರ್ಟ್ ಅದೇ ತಿಂಗಳು ತೀರಿಕೊಂಡ. ಇದನ್ನು ಗೂಗಿ ಮುಂದೆ ಮತ್ತೆ ಮತ್ತೆ ನೆನೆದು ಬರೆದರು. 1977ರಲ್ಲಿ ಹಳ್ಳಿಗರೊಂದಿಗೆ ಗಿಕುಯು ಭಾಷೆಯಲ್ಲಿ ನಾಟಕವಾಡಿಸಿದ್ದಕ್ಕೆ ವರ್ಷದ ಕೊನೆಯ ದಿನ ಬಂಧನವಾಯಿತು. ಜೈಲಿನಲ್ಲಿ ಶೌಚದ ಕಾಗದದ ಮೇಲೆ ಗಿಕುಯುವಿನಲ್ಲೇ ಕಾದಂಬರಿ ಬರೆದರು. ಇಂಗ್ಲಿಷಿನಲ್ಲಿ ಬರೆಯುತ್ತಿದ್ದಷ್ಟು ಕಾಲ ಹೊರಗಿದ್ದವರು ತಾಯ್ನುಡಿಗೆ ಬಂದ ಕೂಡಲೇ ಒಳಗಾದರು. ಅವರು 2025ರ ಮೇ ತಿಂಗಳಲ್ಲಿ ನಿಧನರಾದರು.

ಈಗ ಮತ್ತೆ ನಮ್ಮ ಎರಡು ಹೆಣಗಳ ಬಳಿ ಬನ್ನಿ. ತರಗತಿಯಲ್ಲಿ ಅಚಿಬೆ ಮೂಲದಲ್ಲಿ ಸಿಗುತ್ತಾನೆ. ಅವನ ಶೀರ್ಷಿಕೆಯೇ ಐರ್ಲೆಂಡಿನ ಕವಿ ಯೇಟ್ಸ್‌ನಿಂದ ತಂದದ್ದು. ‘ಸಂಸ್ಕಾರ’ ಸಿಗುವುದು 1976ರ ಎ.ಕೆ. ರಾಮಾನುಜನ್ ಅನುವಾದದಲ್ಲಿ. ಕೃತಿ ಹುಟ್ಟಿದ್ದು ಅನಂತಮೂರ್ತಿ ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆಗಿದ್ದಾಗಲೇ. ಇಂಗ್ಲೆಂಡಿನಲ್ಲಿ ಕೂತು ಅವರು ಕನ್ನಡದಲ್ಲಿ ಬರೆದರು! ಶೀರ್ಷಿಕೆಯನ್ನು ರಾಮಾನುಜನ್ ಅನುವಾದಿಸಲಿಲ್ಲ. ಶವಕ್ಕೆ ಮಾಡುವ ಕ್ರಿಯೆ, ಮನಸ್ಸಿಗೆ ಆದ ಹದ, ಹಿಂದಿನಿಂದ ಬಂದ ವಾಸನೆ, ಎಲ್ಲವೂ ಸೇರಿದ ಪದಕ್ಕೆ ಇಂಗ್ಲಿಷಿನಲ್ಲಿ ಜೋಡಿ ಇಲ್ಲ. ಅಚಿಬೆಯೂ ‘ಚಿ’ ಎಂಬ ಇಗ್ಬೋ ಪದವನ್ನು ಹಾಗೇ ಉಳಿಸಿದ್ದಾನೆ. ಪ್ರತಿಯೊಬ್ಬನ ಜತೆಗೇ ಹುಟ್ಟುವ ದೈವ ಅದು, ನಮ್ಮ ಹಣೆಬರಹಕ್ಕೆ ಹತ್ತಿರ, ಆದರೆ ಅದೇ ಅಲ್ಲ. ನಿಜವಾದ ತೌಲನಿಕ ಅಧ್ಯಯನ ಈ ಎರಡು ಪದಗಳ ನಡುವೆ ಆಗಬೇಕು, ಎರಡು ಇಂಗ್ಲಿಷ್ ಪುಟಗಳ ನಡುವೆ ಅಲ್ಲ.

ಅದಕ್ಕೆ ನಾನು ಈ ವಿಷಯದಲ್ಲಿ ಪ್ರಬಂಧ ಬರೆಯಬೇಕೆಂದು ಬರುವವರಿಗೆ ಹೇಳುವುದು ಇಷ್ಟೇ: ಸಿದ್ಧಾಂತದ ಪುಸ್ತಕ ಆಮೇಲೆ ಓದಿ, ಮೊದಲು ಆಫ್ರಿಕಾದ ಒಂದು ಭಾಷೆ ಕಲಿಯಿರಿ. ಎರಡು ವರ್ಷದಲ್ಲಿ ಪಾಂಡಿತ್ಯ ಬಾರದು, ನಿಘಂಟು ಇಟ್ಟುಕೊಂಡು ಒಂದು ಪದ್ಯ ಬಿಡಿಸುವಷ್ಟು ಬಂದರೆ ಸಾಕು. ಸ್ವಾಹಿಲಿ ಅಷ್ಟೇನೂ ದೂರದ್ದಲ್ಲ. ಅರಬ್ಬೀ ಸಮುದ್ರದ ಹಾಯಿಹಡಗುಗಳು ಸರಕಿನ ಜತೆ ಮಾತನ್ನೂ ಸಾಗಿಸಿವೆ. ಅಲ್ಲಿ ಪುಸ್ತಕಕ್ಕೆ ‘ಕಿತಾಬು’ ಎನ್ನುತ್ತಾರೆ, ಗಾಡಿಗೆ ‘ಗಾರಿ’. ಇಬ್ಬರು ಎದುರಾದರೆ ಮೊದಲು ಕೇಳುವುದು ‘ಹಬಾರಿ?’ ಎಂದು. ಧಾರವಾಡದ ಕಡೆಯವರು ‘ಏನ್ರೀ ಖಬರು?’ ಎಂದಾಗ ಕೇಳುವುದೂ ಅದನ್ನೇ.