ಆಕಾಶದ ದೂರ, ಊರಿನ ಹೊತ್ತು

ಬೆಲ್ಲದ ಬಾಗೇವಾಡಿಯ ಕಡೆಯ ಹಿರಿಯರು ದೂರವನ್ನು ಹರಿದಾರಿಯ ಲೆಕ್ಕದಲ್ಲಿ ಹೇಳುತ್ತಿದ್ದರು. ಅದರ ಬೆನ್ನಿಗೇ ಹೊತ್ತಿನ ಮಾತೂ ಬರುತ್ತಿತ್ತು: ನಸುಕಿನಲ್ಲಿ ಬುತ್ತಿ ಕಟ್ಟಿಕೊಂಡು ಹೊರಟರೆ ದೀಪ ಹಚ್ಚುವ ವೇಳೆಗೆ ಇಂಥ ಊರು ಎಂದು. ನಡೆಯುವವನಿಗೆ ದೂರವೂ ಹೊತ್ತೂ ಒಂದೇ ಆಗಿದ್ದುವು. ವಿಮಾನ ಬಂದ ಮೇಲೆ ಇವೆರಡಕ್ಕೂ ಇದ್ದ ಗಂಟು ಸಡಿಲವಾಯಿತು.

ಬೆಂಗಳೂರಿಗೂ ಅಮೆರಿಕದ ಸಾನ್ ಫ್ರಾನ್ಸಿಸ್ಕೋ ನಗರಕ್ಕೂ ಆಕಾಶಮಾರ್ಗದಲ್ಲಿ ಸುಮಾರು 14,000 ಕಿಲೋಮೀಟರು. ಗೋಡೆಯ ನಕಾಶೆಯನ್ನು ಅಳೆದವರಿಗೆ ಈ ಅಂಕಿ ದೊರೆಯದು. ನಕಾಶೆ ಚಪ್ಪಟೆ, ಭೂಮಿ ಗುಂಡು. ಗೋಳದ ಮೇಲೆ ಎರಡೂರುಗಳ ನಡುವೆ ದಾರವನ್ನು ಬಿಗಿದರೆ ಅದು ಉತ್ತರ ಧ್ರುವದ ಸಮೀಪದಲ್ಲಿ ಹಾಯುವುದನ್ನು ಕಂಡು ನಾವೇ ಬೆರಗಾದೆವು. 2021ರ ಜನವರಿ 9ರ ಶನಿವಾರ ರಾತ್ರಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಅವರ ಸಂಗಡಿಗ ಮಹಿಳಾ ಚಾಲಕರು ಏರ್ ಇಂಡಿಯಾ ವಿಮಾನವನ್ನು ಅಲ್ಲಿಂದ ಎಬ್ಬಿಸಿ, ಧ್ರುವವನ್ನು ದಾಟಿ, ಸೋಮವಾರ ಬೆಳಗಾಗುವ ಮುನ್ನ ಬೆಂಗಳೂರಿನಲ್ಲಿ ಇಳಿಸಿದರು. ಪಂಚಾಂಗದಲ್ಲಿ ಎರಡು ದಿನ ಕಳೆದಂತೆ ತೋರಿದರೂ ಹಾರಿದ್ದು ಸುಮಾರು ಹದಿನೇಳು ಗಂಟೆ ಮಾತ್ರ. ಉಳಿದದ್ದು ಗಡಿಯಾರದ ವ್ಯತ್ಯಾಸ. ಚಳಿಗಾಲದಲ್ಲಿ ನಮ್ಮ ಗಡಿಯಾರ ಅವರದಕ್ಕಿಂತ ಹದಿಮೂರೂವರೆ ಗಂಟೆ ಮುಂದೆ.

ದೂರ ಕಡಿಮೆಯಾದರೆ ಹೊತ್ತೂ ಕಡಿಮೆಯಲ್ಲವೆ ಎಂದು ಶ್ರೋತೃಗಳು ಕೇಳಬಹುದು. ಹಾಗೆಂಬ ನೇಮವಿಲ್ಲ. 2016ರ ಅಕ್ಟೋಬರಿನಲ್ಲಿ ದೆಹಲಿಯಿಂದ ಸಾನ್ ಫ್ರಾನ್ಸಿಸ್ಕೋಗೆ ಹೋಗುವ ವಿಮಾನವು ಅಟ್ಲಾಂಟಿಕ್ ಕಡೆಯ ದಾರಿಯನ್ನು ಬಿಟ್ಟು ಪೂರ್ವದ ಪೆಸಿಫಿಕ್ ಸಾಗರದ ದಾರಿಯನ್ನು ಹಿಡಿಯಿತು. ಹಾದಿ ಸಾವಿರಕ್ಕೂ ಹೆಚ್ಚು ಕಿಲೋಮೀಟರು ಬೆಳೆದು 15,000ವನ್ನು ಮೀರಿತು. ಪ್ರಯಾಣವೋ ಸುಮಾರು ಎರಡು ಗಂಟೆ ತಗ್ಗಿತು! ಬಹು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ಹೊಳೆಯೊಂದು ಹರಿಯುತ್ತದೆ. ಅದು ಬೆನ್ನಿಗಿದ್ದರೆ ದೂಡುತ್ತದೆ, ಎದುರಾದರೆ ತಡೆಯುತ್ತದೆ. ಭೂಮಿ ಕೆಳಗೆ ತಿರುಗುವುದರಿಂದ ಪಶ್ಚಿಮಕ್ಕೆ ಹಾರುವುದು ಸುಲಭವೆಂದು ವಾದಿಸುವ ಮಿತ್ರರೂ ನಮಗುಂಟು. ಗಾಳಿಯೂ ಭೂಮಿಯೊಡನೆಯೇ ತಿರುಗುತ್ತದೆಂಬುದನ್ನು ಅವರು ಮರೆಯುತ್ತಾರೆ.

1948ರ ಜೂನ್ 8ರಂದು ಮುಂಬಯಿಯಿಂದ ಹೊರಟ ‘ಮಲಬಾರ್ ಪ್ರಿನ್ಸೆಸ್’ ಕೈರೋ, ಜಿನೀವಾಗಳಲ್ಲಿ ಇಳಿದು 10ರಂದು ಲಂಡನ್ ಸೇರಿತ್ತು. ಅದನ್ನು ನೆನೆದರೆ ಇಂದಿನ ವೇಗ ಸಣ್ಣದಲ್ಲ. ಆದರೆ ಬಾಗೇವಾಡಿಯ ಮನೆಗೆ ಬೆಂಗಳೂರಿನ ವಿಮಾನನಿಲ್ದಾಣವು ದಾರಿಯ ಕೊನೆಯಲ್ಲ. ಅಲ್ಲಿಂದ ಬೆಳಗಾವಿಯ ಸಾಂಬ್ರಾಕ್ಕೆ ಹಾರಿದರೆ ಒಂದು ಗಂಟೆಯ ಮೇಲೆ ಸ್ವಲ್ಪ. ಆ ವಿಮಾನ ತಪ್ಪಿದರೆ ಘಟಪ್ರಭಾ ನಿಲ್ದಾಣಕ್ಕೆ ಇಡೀ ರಾತ್ರಿಯ ರೈಲು. ಭೂಗೋಳವನ್ನು ದಾಟಿ ಬಂದವನಿಗೆ ಈ ತುಂಡೇ ಭಾರವಾಗುತ್ತದೆ.

ಮದುವೆ, ಜಾತ್ರೆಗಳಿಗಾದರೆ ಇದು ಬೇಸರದ ಸಂಗತಿಯಷ್ಟೆ. ಹಿರಿಯರೊಬ್ಬರು ಕಣ್ಣು ಮುಚ್ಚಿದ ಮನೆಯಲ್ಲಿ ಹಾಗಲ್ಲ. ಸುದ್ದಿ ಅಮೆರಿಕದ ಮಗನಿಗೆ ಕ್ಷಣದಲ್ಲಿ ಮುಟ್ಟುತ್ತದೆ. ಮಗ ಮುಟ್ಟುವುದು ಎಂದಿಗೆ? ಟಿಕೀಟು ದೊರಕಬೇಕು, ನಡುವೆ ವಿಮಾನ ಬದಲಿಸುವುದಿದ್ದರೆ ಕಾಯಬೇಕು. ಅವನು ‘ಶನಿವಾರ ಹೊರಡುತ್ತೇನೆ’ ಎಂದರೆ ಅಂಗಳದಲ್ಲಿ ಕುಳಿತವರು ಭಾನುವಾರಕ್ಕೆ ಬೆರಳು ಮಡಿಚುತ್ತಾರೆ. ಅವನು ಬೆಂಗಳೂರಿನಲ್ಲಿಳಿಯುವಾಗಲೇ ಸೋಮವಾರ. ಅಂಥ ಮನೆಯವರು ದೂರವನ್ನು ಕೇಳದೆ, ವಿಮಾನ ಹಾರುವ ಗಂಟೆಯನ್ನೂ ಕೇಳದೆ, ನಮ್ಮ ಪಂಚಾಂಗದ ಯಾವ ದಿನ, ಹೊತ್ತು ಮುಳುಗುವುದಕ್ಕೆ ಮೊದಲೋ ಆಮೇಲೋ ಹೊಸ್ತಿಲಿಗೆ ಬರುವೆಯೆಂದು ಕೇಳಿಕೊಳ್ಳಲಿ. ಅಷ್ಟು ತಿಳಿದರೆ, ಕಾಯಬೇಕೋ ಮಣ್ಣು ಮಾಡಬೇಕೋ ಎಂಬುದನ್ನು ಅವರೇ ಗೊತ್ತುಮಾಡಬಲ್ಲರು.